ಕೈಟ್‌ಸರ್ಫಿಂಗ್ ಕಲಿಯುವವರಿಗೆ ಮೊದಲ ಸಾಮಗ್ರಿ: ಯಾವುದು ಹಳೆಯದಾದರೂ ಸರಿ, ಯಾವುದು ಸಲ್ಲದು?

ಪ್ರಶ್ನೆ: ನನ್ನ ವಯಸ್ಸು 29, ತೂಕ 72 ಕಿಲೊ. ಈಜು ಚೆನ್ನಾಗಿ ಬರುತ್ತದೆ. ರಜೆಯಲ್ಲಿ ಎರಡು ದಿನ ಕೈಟ್‌ಸರ್ಫಿಂಗ್ ಪಾಠ, ಅಂದರೆ ಗಾಳಿಪಟದ ಎಳೆತದಲ್ಲಿ ಬೋರ್ಡಿನ ಮೇಲೆ ನಿಂತು ನೀರಿನಲ್ಲಿ ಜಾರುವ ಪಾಠ, ಹೇಳಿಸಿಕೊಂಡೆ. ಅಂದಿನಿಂದ ಅದೇ ಗುಂಗು ಹಿಡಿದಿದೆ. ಆದರೆ ಹೊಸ ಸಾಮಗ್ರಿಯ ಬೆಲೆ ಕೇಳಿ ಎದೆ ಧಸಕ್ಕೆಂದಿತು. ಪರಿಚಿತರೊಬ್ಬರು ತಮ್ಮ ಹಳೆಯ ಸೆಟ್ಟನ್ನು, ಅಂದರೆ 14 ಚದರ ಮೀಟರಿನ ಗಾಳಿಪಟ, ಅದನ್ನು ದಾರಗಳಿಂದ ನಡೆಸುವ ಹಿಡಿಕೋಲಾದ ಬಾರ್, ಬೋರ್ಡ್ ಮತ್ತು ಮೈಗೆ ಕಟ್ಟಿಕೊಳ್ಳುವ ಪಟ್ಟಿಯಾದ ಹಾರ್ನೆಸ್ಸನ್ನು ಒಟ್ಟಾಗಿ, ಹೊಸದರ ಬೆಲೆಯ ಎಂಟನೆಯ ಒಂದು ಪಾಲಿಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಗಾಳಿಪಟ 2004ರದು, ಆದರೆ ಹತ್ತು ಸಲವೂ ಹಾರಿಸಿಲ್ಲವಂತೆ. ಕೊಳ್ಳಬಹುದೇ? ಬೇಡವೆಂದಾದರೆ, ಕಡಿಮೆ ಖರ್ಚಿನಲ್ಲಿ ಯಾವುದನ್ನು ಹಳೆಯದು, ಯಾವುದನ್ನು ಹೊಸದು ಕೊಳ್ಳಬೇಕು?

ಉತ್ತರ: ಬೋರ್ಡನ್ನು ಪರೀಕ್ಷಿಸಿ, ಚೆನ್ನಾಗಿದ್ದರೆ ಕೊಳ್ಳಿ. ಆ ಗಾಳಿಪಟವನ್ನೂ ಅದರ ಬಾರನ್ನೂ ಪುಕ್ಕಟೆಯಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ. ಹತ್ತು ಸಲವೂ ಹಾರಿಲ್ಲ ಎಂಬ ಮಾತು ನಿಜವೇ ಇರಬಹುದು. ತೊಂದರೆ ಇರುವುದು ಅದರ ಸವೆತದಲ್ಲಲ್ಲ, ಅದು ಹುಟ್ಟಿದ ವರ್ಷದಲ್ಲಿ.

ನೀರಿಗೆ ಬಿದ್ದರೂ ಮುಳುಗದಂತೆ ಗಾಳಿ ತುಂಬಿದ ಕೊಳವೆಗಳ ಮೇಲೆ ಬಟ್ಟೆ ಹೊದಿಸಿದ ಗಾಳಿಪಟಕ್ಕೆ ಫ್ರಾನ್ಸಿನ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಸಹೋದರರು 1984ರಲ್ಲಿ ಪೇಟೆಂಟ್ ಕೋರಿದರು. 1997ರಲ್ಲಿ ಅದು ವಿಪಿಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆ ತಲೆಮಾರಿನ ಗಾಳಿಪಟಗಳು ಇಂಗ್ಲಿಷಿನ ‘ಸಿ’ ಅಕ್ಷರದಂತೆ ಆಳವಾಗಿ ಬಾಗಿರುತ್ತಿದ್ದವು. ಜೋರು ಗಾಳಿ ಬೀಸಿದಾಗ ಬಾರನ್ನು ಮೈಯಿಂದ ದೂರ ತಳ್ಳಿದರೆ ಎಳೆತ ಸ್ವಲ್ಪ ತಗ್ಗುತ್ತಿತ್ತೇ ಹೊರತು ಪೂರ್ತಿ ಬಿಡುತ್ತಿರಲಿಲ್ಲ. ನೀರಿಗೆ ಬಿದ್ದ ಪಟವನ್ನು ಮತ್ತೆ ಮೇಲೆಬ್ಬಿಸುವುದೂ ಪಳಗಿದವರಿಗೆ ಮಾತ್ರ ಸಾಧ್ಯವಾಗುವ ಕೆಲಸವಾಗಿತ್ತು. 2005ರ ಸುಮಾರಿಗೆ, ಬ್ರೂನೊ ಲೆಗೆನ್ಯೂ ಅವರದೇ ವಿನ್ಯಾಸದ ಆಧಾರದ ಮೇಲೆ, ಬಿಲ್ಲಿನ ಆಕಾರದ ಚಪ್ಪಟೆ ಪಟಗಳು ಬಂದವು. ಇವುಗಳಲ್ಲಿ ಬಾರನ್ನು ದೂರ ತಳ್ಳಿದ ಕೂಡಲೇ ಎಳೆತ ಬಹುಪಾಲು ಇಳಿದುಹೋಗುತ್ತದೆ. ಕಲಿಯುವವರು ಗಾಬರಿಯಾದಾಗ ಮಾಡುವ ಮೊದಲ ತಪ್ಪು ಬಾರನ್ನು ಎದೆಗೆ ಅವಚಿಕೊಳ್ಳುವುದು. ಅದನ್ನು ಬಿಟ್ಟರೆ ಸಾಕು, ಪಟ ತಣ್ಣಗಾಗುತ್ತದೆ ಎಂಬ ಭರವಸೆಯ ಮೇಲೆಯೇ ಇಂದಿನ ಎಲ್ಲ ಪಾಠವೂ ನಿಂತಿದೆ. ನಿಮಗೆ ಎರಡು ದಿನ ಕಲಿಸಿದವರೂ ಅದನ್ನೇ ಹೇಳಿರುತ್ತಾರೆ. 2004ರ ಗಾಳಿಪಟ ಆ ಭರವಸೆಯನ್ನು ಕೊಡಲಾರದು.

ಬಾರಿನ ವಿಷಯ ಇನ್ನೂ ಮುಖ್ಯ. ಹಾರ್ನೆಸ್ಸಿನ ಕೊಕ್ಕೆಗೆ ಸಿಕ್ಕಿಸುವ ಚಿಕನ್ ಲೂಪ್ ಎಂಬ ಬಳೆಯ ಬುಡದಲ್ಲಿ ಕ್ವಿಕ್ ರಿಲೀಸ್ ಎಂಬ ಬಿಡುಗಡೆಯ ಸಾಧನ ಇರುತ್ತದೆ. ಅದನ್ನು ಒಂದೇ ಕೈಯಲ್ಲಿ ಮುಂದಕ್ಕೆ ತಳ್ಳಿದರೆ ಲೂಪ್ ಬಿಚ್ಚಿಕೊಂಡು, ಬಾರ್ ದಾರದುದ್ದಕ್ಕೂ ಜಾರಿಹೋಗಿ, ಪಟ ಒಂದೇ ಮುಂದಿನ ದಾರಕ್ಕೆ ಜೋತುಬಿದ್ದು ಬಾವುಟದಂತೆ ಪಟಪಟಿಸುತ್ತ ನಿಲ್ಲಬೇಕು. ಹಾಗಿದ್ದೂ ಅದು ಎಳೆಯುತ್ತಿದ್ದರೆ, ಪಟವನ್ನು ಹಾರ್ನೆಸ್ಸಿಗೆ ಕಟ್ಟಿರುವ ಸುರಕ್ಷಾ ಹಗ್ಗದಲ್ಲಿರುವ, ಅಂದರೆ ಲೀಶಿನಲ್ಲಿರುವ, ಎರಡನೆಯ ಬಿಡುಗಡೆಯನ್ನು ಎಳೆದು ಪಟವನ್ನು ಸಂಪೂರ್ಣ ಕೈಬಿಡಬೇಕು. ಈ ಬಿಡುಗಡೆಯ ಸಾಧನಗಳಿಗೆಂದೇ 2020ರಲ್ಲಿ ಐಎಸ್‌ಒ 21853 ಎಂಬ ಅಂತರರಾಷ್ಟ್ರೀಯ ಮಾನಕ ಪ್ರಕಟವಾಯಿತು. ಭಾರ ಬಿದ್ದಾಗಲೂ ಸಾಧನ ಬಿಚ್ಚಿಕೊಳ್ಳಬೇಕು ಎಂಬುದು ಅದರ ತಿರುಳು. ಖಾಲಿ ಕೈಯಲ್ಲಿ ಕ್ಲಿಕ್ಕೆಂದು ಬಿಚ್ಚಿಕೊಂಡು, ದೇಹದ ತೂಕಕ್ಕೂ ಮಿಗಿಲಾದ ಎಳೆತ ಬಿದ್ದಾಗ ಕಚ್ಚಿಕೊಂಡು ಕೂರುವ ಹಳೆಯ ಬಾರುಗಳನ್ನು ನಾನು ಕೈಯಾರೆ ಪರೀಕ್ಷಿಸಿ ನೋಡಿದ್ದೇನೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಹೊಸದಾಗಿಯೇ ಕೊಳ್ಳಬೇಕಾದ ವಸ್ತು ಒಂದೇ ಒಂದು ಇರುವುದಾದರೆ, ಅದು ಬಾರ್.

ಖರ್ಚಿನ ಲೆಕ್ಕವನ್ನು ನಾನು ಹೀಗೆ ನೋಡುತ್ತೇನೆ. ಯಾವ ವಸ್ತು ಕೈಕೊಟ್ಟರೆ ನಿಮ್ಮ ಒಂದು ದಿನ ಮಾತ್ರ ಹಾಳಾಗುತ್ತದೆಯೋ ಅದರಲ್ಲಿ ಎಷ್ಟು ಬೇಕಾದರೂ ಉಳಿಸಿ. ಯಾವುದು ಕೈಕೊಟ್ಟರೆ ಮೈಗೆ ಪೆಟ್ಟಾಗುತ್ತದೆಯೋ ಅದರಲ್ಲಿ ಚೌಕಾಸಿ ಬೇಡ. ಅಡಿಯ ಪುಟ್ಟ ರೆಕ್ಕೆ, ಅಂದರೆ ಫಿನ್, ಮುರಿದ ಬೋರ್ಡಿನಿಂದ ಯಾರಿಗೂ ಅಪಾಯವಾಗದು. ಬಿಚ್ಚದ ರಿಲೀಸಿನಿಂದ ಆಗುತ್ತದೆ.

ಕೊಳ್ಳುವ ಮೊದಲು ಇನ್ನೊಂದು ಮಾತು. ಎರಡು ದಿನದ ಪಾಠಕ್ಕೆ ನಿಲ್ಲಿಸಬೇಡಿ. ಪಾಠದ ಶುಲ್ಕದಲ್ಲಿ ಸಾಮಾನ್ಯವಾಗಿ ಸಾಮಗ್ರಿಯ ಬಳಕೆಯೂ ಸೇರಿರುತ್ತದೆ. ಎಂದರೆ ನೀರಿಗೆ ಅಪ್ಪಳಿಸಿ, ಮರಳಿನಲ್ಲಿ ಉಜ್ಜಿ ಪಟ ಅತಿ ಹೆಚ್ಚು ಸವೆಯುವ ಮೊದಲ ದಿನಗಳನ್ನು ನೀವು ಬೇರೆಯವರ ಪಟದ ಮೇಲೆ ಕಳೆಯುತ್ತೀರಿ. ಅದಕ್ಕಿಂತ ದೊಡ್ಡ ಉಳಿತಾಯ ಬೇರೆ ಇಲ್ಲ. ಬೋರ್ಡಿನ ಮೇಲೆ ಎದ್ದು ನಿಂತು ಎರಡೂ ದಿಕ್ಕಿನಲ್ಲಿ ಒಂದಿಷ್ಟು ದೂರ ಸಾಗಲು, ನೀರಿಗೆ ಬಿದ್ದ ಪಟವನ್ನು ಒಬ್ಬರೇ ಎಬ್ಬಿಸಲು, ಆಳದಲ್ಲಿ ದಾರವನ್ನು ಬಾರಿಗೆ ಸುತ್ತಿಕೊಂಡು ಪಟವನ್ನೇ ಹಾಯಿಯಂತೆ ಹಿಡಿದು ದಡ ಸೇರಲು ಬಂದ ಮೇಲೆ ಕೊಳ್ಳುವ ಮಾತು ಎತ್ತಿ. ಅಷ್ಟು ಹೊತ್ತಿಗೆ ಎರಡು ಮೂರು ಅಳತೆಯ ಪಟಗಳನ್ನು ಹಾರಿಸಿರುತ್ತೀರಿ. ನಿಮಗೇನು ಬೇಕೆಂಬುದು ನಿಮ್ಮ ಕೈಗೇ ಗೊತ್ತಾಗಿರುತ್ತದೆ.

ಈಗ ಅಳತೆ. ಕಿಲೊ ಲೆಕ್ಕದ ದೇಹತೂಕವನ್ನು ನಾಟ್ ಲೆಕ್ಕದ ಗಾಳಿಯ ವೇಗದಿಂದ ಭಾಗಿಸಿ 2.2ರಿಂದ ಗುಣಿಸಿದರೆ ಬೇಕಾದ ಪಟದ ಚದರ ಮೀಟರ್ ಸುಮಾರಾಗಿ ಸಿಗುತ್ತದೆ. ನಿಮ್ಮ 72 ಕಿಲೊ ತೂಕಕ್ಕೆ 16 ನಾಟ್ ಗಾಳಿಯಲ್ಲಿ, ಅಂದರೆ ಗಂಟೆಗೆ ಸುಮಾರು 30 ಕಿಲೊಮೀಟರ್ ವೇಗದಲ್ಲಿ, 10 ಚದರ ಮೀಟರ್ ಸಾಕು. 18 ನಾಟ್ ಆದರೆ 9. ಅವರು ಕೊಡುತ್ತಿರುವ 14 ಚದರ ಮೀಟರ್ ನಿಮಗೆ ಸರಿಹೊಂದುವುದು 11 ನಾಟಿನ ಮಂದ ಗಾಳಿಯಲ್ಲಿ. ಮಂದ ಗಾಳಿಯಲ್ಲಿ ಕಲಿಯುವುದು ಸುಲಭವೆಂದು ಹಲವರು ಭಾವಿಸುತ್ತಾರೆ. ಆದರೆ ದೊಡ್ಡ ಪಟ ನಿಧಾನವಾಗಿ ತಿರುಗುತ್ತದೆ, ನೀರಿಗೆ ಬಿದ್ದರೆ ಏಳಲು ಮೊಂಡು ಮಾಡುತ್ತದೆ, ಗಾಳಿ ಏಕಾಏಕಿ ಏರಿದರೆ ಎಲ್ಲರಿಗಿಂತ ಮೊದಲು ಸಂಕಟಕ್ಕೆ ಸಿಕ್ಕಿಸುತ್ತದೆ. ಗಾಳಿಯ ಬಲ ಅದರ ವೇಗದ ವರ್ಗದಂತೆ ಬೆಳೆಯುತ್ತದೆ ಎಂಬುದನ್ನು ಮರೆಯಬಾರದು: 14 ನಾಟ್ ಇದ್ದ ಗಾಳಿ 20 ನಾಟಿಗೆ ಏರಿದರೆ ಎಳೆತ ಒಂದೂವರೆಯಲ್ಲ, ಎರಡು ಪಟ್ಟಾಗುತ್ತದೆ. ನೀವು ಹೆಚ್ಚಾಗಿ ಹೋಗುವ ನೀರಿನಲ್ಲಿ ಕಲಿಯಲು ಯೋಗ್ಯವಾದ ದಿನಗಳಂದು ಎಷ್ಟು ಗಾಳಿ ಇರುತ್ತದೆ ಎಂದು ಅಲ್ಲಿ ನಿತ್ಯ ಪಟ ಹಾರಿಸುವವರನ್ನು ಕೇಳಿ, ಅದಕ್ಕೆ ತಕ್ಕ ಒಂದೇ ಪಟ ಕೊಳ್ಳಿ. ಎರಡನೆಯದು ಮುಂದಿನ ವರ್ಷಕ್ಕಿರಲಿ. ಆಗ 9ರ ಜೊತೆಗೆ 12 ಎಂಬಂತೆ ಸುಮಾರು ಮೂರು ಚದರ ಮೀಟರ್ ಅಂತರವಿರುವುದನ್ನು, ಸಾಧ್ಯವಾದರೆ ಅದೇ ತಯಾರಕರದನ್ನು ಆರಿಸಿ. ಒಂದೇ ಬಾರ್ ಎರಡಕ್ಕೂ ಹೊಂದಿದರೆ ದೊಡ್ಡ ಮೊತ್ತ ಉಳಿಯುತ್ತದೆ.

ಪಟದ ಬಗೆ ಹೆಚ್ಚು ತಲೆಬಿಸಿಯ ವಿಷಯವಲ್ಲ. ಎಲ್ಲ ಬಳಕೆಗೂ ಎಂದು ಮಾಡಿದ, ನಡುವೆ ಮೂರು ಅಡ್ಡ ಕೊಳವೆಗಳಿರುವ ಸಾಧಾರಣ ಪಟ ನಿಮಗೆ ಸರಿ. ಎತ್ತರ ಜಿಗಿಯಲೆಂದು ಮಾಡಿದ ಉದ್ದ ರೆಕ್ಕೆಯ ಪಟಗಳು ಹಳೆಯದಾಗಿ ಅಗ್ಗಕ್ಕೆ ಸಿಗುತ್ತವೆ. ಅವುಗಳ ಗೊಡವೆ ಬೇಡ.

ಹಳೆಯ ಪಟವೇ ಕೊಳ್ಳುವುದಾದರೆ ಐದು ವರ್ಷದೊಳಗಿನದನ್ನು ಹುಡುಕಿ. ಹೊಸ ಮಾದರಿ ಬಂದಾಗ ಹಿಂದಿನ ವರ್ಷದ ಮಾದರಿಯನ್ನು ಮಾರಾಟಗಾರರು ಬೆಲೆ ಇಳಿಸಿ ಕೊಡುವುದುಂಟು. ಬಳಸದೆ ಪೆಟ್ಟಿಗೆಯಲ್ಲೇ ಇರುವ ಅಂಥ ಪಟ ಸಿಕ್ಕರೆ ನನ್ನ ಮೊದಲ ಆಯ್ಕೆ ಅದೇ. ಕಲಿಕಾ ಶಾಲೆಗಳು ಋತುವಿನ ಕೊನೆಗೆ ಮಾರುವ ಪಟಗಳ ವಯಸ್ಸು ಕಡಿಮೆಯಿದ್ದರೂ ಅವು ದಿನವಿಡೀ ಬಿಸಿಲುಂಡವು. ವರ್ಷ ನೋಡಿ ಮರುಳಾಗಬೇಡಿ, ಬಟ್ಟೆ ನೋಡಿ.

ಬಟ್ಟೆ ನೋಡುವ ಕ್ರಮ ಹೀಗೆ. ಹೊಸ ಪಟದ ಬಟ್ಟೆಯನ್ನು ಬೆರಳುಗಳ ನಡುವೆ ಹಿಸುಕಿದರೆ ಗರಿಗರಿಯಾದ ಕಾಗದದಂತೆ ಸದ್ದು ಮಾಡುತ್ತದೆ. ಬಿಸಿಲಿನಲ್ಲಿ ಬೆಂದದ್ದು ಹತ್ತಾರು ಸಲ ಒಗೆದ ಪಂಚೆಯಂತೆ ಮೆತ್ತಗೆ, ಸದ್ದಿಲ್ಲದೆ ಮಡಚಿಕೊಳ್ಳುತ್ತದೆ. ಪಟವನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು ಚುಕ್ಕಿಗಳಂತೆ ಕಾಣುತ್ತವೆ. ಗಾಳಿಗೆ ಸದಾ ಬಡಿದುಕೊಳ್ಳುವ ಹಿಂದಿನ ಅಂಚಿನ ಹೊಲಿಗೆಯನ್ನು ಮೊಳ ಮೊಳವಾಗಿ ಬೆರಳಲ್ಲಿ ಸವರಿ ನೋಡಿ. ಬಟ್ಟೆಯ ನಡುವೆ ಅಂಗೈಯಗಲದ ತೇಪೆ ಇದ್ದರೆ ಹೆದರಬೇಕಿಲ್ಲ. ಬೆಲೆ ಇಳಿಸಲು ಅದೊಂದು ನೆಪವಾಗುತ್ತದೆ. ಆದರೆ ಮುಂದಿನ ದೊಡ್ಡ ಕೊಳವೆಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಿದ್ದರೆ, ಆ ಕೆಲಸ ಮಾಡಿದವರು ನುರಿತವರು ಎಂದು ಖಚಿತವಾಗದ ಹೊರತು ಬಿಟ್ಟುಬಿಡಿ. ಆಮೇಲೆ ಗಾಳಿ ತುಂಬಿಸಿ. ಎಷ್ಟು ಒತ್ತಡ ಬೇಕೆಂದು ಬಹಳಷ್ಟು ಪಟಗಳ ಮೇಲೇ ಅಚ್ಚು ಹಾಕಿರುತ್ತಾರೆ. ಸಾಮಾನ್ಯವಾಗಿ 6ರಿಂದ 8 ಪಿಎಸ್‌ಐ. ತುಂಬಿಸಿ ಹತ್ತು ನಿಮಿಷ ನೋಡಿದರೆ ಸಾಲದು, ಕೆಲವು ಗಂಟೆ ನೆರಳಿನಲ್ಲಿ ಬಿಡಲು ಕೇಳಿಕೊಳ್ಳಿ. ಕವಾಟದ ಬುಡದಲ್ಲಿ ಅಂಟು ಬಿಡುತ್ತಿದ್ದರೆ ಗಾಳಿ ಅಷ್ಟು ನಿಧಾನವಾಗಿ ಸೋರುತ್ತದೆ. ಮುಂಗೊಳವೆಯ ಕೆಳಗೆ ದಾರಗಳು ಹಾದುಹೋಗುವ ಪುಟ್ಟ ರಾಟೆಗಳಿದ್ದರೆ ಒಂದೊಂದನ್ನೂ ಬೆರಳಿನಿಂದ ತಿರುಗಿಸಿ ನೋಡಿ. ಉಪ್ಪು, ಮರಳು ಸೇರಿ ಅಲ್ಲಾಡದೆ ನಿಂತ ರಾಟೆ ತನ್ನ ದಾರವನ್ನೇ ಗರಗಸದಂತೆ ಕೊಯ್ಯುತ್ತದೆ.

ಹಳೆಯ ದಾರಗಳ ಬಗ್ಗೆ ಹೇಳದಿದ್ದರೆ ಈ ಉತ್ತರ ಪೂರ್ಣವಾಗದು, ಏಕೆಂದರೆ ಕಲಿಯುವವರ ಉತ್ಸಾಹ ಕುಂದುವುದು ಹೆಚ್ಚಾಗಿ ಇಲ್ಲೇ. ನಾನು ಕಲಿಯುತ್ತಿದ್ದಾಗ ಕೊಂಡ ಹಳೆಯ ಪಟ ತಲೆಯ ಮೇಲಕ್ಕೆ ಏರಿದ ಕೂಡಲೇ ಹಿಂದಕ್ಕೆ ವಾಲಿ, ಬಾಲ ಮುಂದಾಗಿ ನೀರಿಗೆ ಬೀಳುತ್ತಿತ್ತು. ಮೂರು ದಿನ ಗಾಳಿಯನ್ನು ದೂರಿದೆ, ನನ್ನ ಕೈಗಳನ್ನು ದೂರಿದೆ. ಮಾರಿದವರು ಪಟ ಸರಿಯಾಗಿದೆ ಎಂದೇ ಹೇಳುತ್ತಿದ್ದರು. ನಾಲ್ಕನೆಯ ದಿನ ಹಿರಿಯರೊಬ್ಬರು ಮಾತನಾಡದೆ ನಾಲ್ಕೂ ದಾರಗಳ ತುದಿಯನ್ನು ಒಂದೇ ಗೂಟಕ್ಕೆ ಕಟ್ಟಿ, ಬಾರನ್ನು ಹಿಡಿದು 22 ಮೀಟರ್ ದೂರ ನಡೆದು, ಮೈಭಾರ ಹಾಕಿ ಎಳೆದು ತೋರಿಸಿದರು. ಹಿಂದಿನ ಎರಡು ದಾರಗಳು ತಂತಿಯಂತೆ ಬಿಗಿದು ನಿಂತಿದ್ದವು, ಮುಂದಿನವೆರಡು ಜೋತಾಡುತ್ತಿದ್ದವು. ಪಟದ ಹೆಚ್ಚಿನ ಭಾರ ಹೊರುವುದು ಮುಂದಿನ ದಾರಗಳು. ಕಾಲಕ್ರಮದಲ್ಲಿ ಅವು ಹಿಗ್ಗಿ ನಾಲ್ಕು ಬೆರಳಿನಷ್ಟು ಉದ್ದವಾಗಿದ್ದವು. ಹಾಗಾಗಿ ಹಿಂದಿನವು ಪಟದ ಬಾಲವನ್ನು ಸದಾ ಹಿಡಿದೆಳೆಯುತ್ತಿದ್ದವು. ಹಿಂದಿನ ದಾರ ಕಟ್ಟುವ ತುಂಡುಹಗ್ಗದಲ್ಲಿ ಒಂದು ಗಂಟು ಆಚೆ ಕಟ್ಟಿದ್ದೇ ತಡ, ಅದೇ ಸಂಜೆ ಪಟ ತಲೆಯ ಮೇಲೆ ನಿಶ್ಚಲವಾಗಿ ನಿಂತಿತು. ಎಳೆತ ತಗ್ಗಿಸುವ ಪಟ್ಟಿಯನ್ನು ಪೂರ್ತಿ ಸಡಿಲಿಸಿ, ಬಾರನ್ನು ಪೂರ್ತಿ ಒಳಗೆಳೆದಾಗ ನಾಲ್ಕೂ ದಾರ ಸಮನಾಗಿರಬೇಕು. ಕೊಳ್ಳುವ ಮೊದಲು ಗೂಟಕ್ಕೆ ಕಟ್ಟಿ ನೋಡಿ. ಕೊಂಡ ಮೇಲೂ ಆಗಾಗ ನೋಡುತ್ತಿರಿ, ಏಕೆಂದರೆ ಹೊಸ ದಾರಗಳೂ ಮೊದಲ ಕೆಲವು ಸಲದಲ್ಲಿ ಹಿಗ್ಗುತ್ತವೆ.

ಹೊಸ ಬಾರ್ ಕೊಳ್ಳುವಾಗ ಅದು ನಿಮ್ಮ ಪಟದ ತಯಾರಕರದೇ ಆಗಿದ್ದರೆ ಒಳ್ಳೆಯದು. ಬೇರೆಯವರದಾದರೆ, ರಿಲೀಸ್ ತಳ್ಳಿದಾಗ ಪಟ ಒಂದೇ ದಾರದ ಮೇಲೆ ಸತ್ತು ಬೀಳುತ್ತದೆಯೇ ಎಂದು ಮೆಲುಗಾಳಿಯಲ್ಲಿ, ಅನುಭವಿಗಳ ಎದುರಿನಲ್ಲಿ ಪ್ರಯೋಗ ಮಾಡಿ ನೋಡದೆ ನೀರಿಗಿಳಿಯಬೇಡಿ. ಬಾರಿನ ನಡುವಿನ ತೂತಿನಲ್ಲಿ ಹಾದುಹೋಗುವ ದಾರ ಮರಳಿನಿಂದ ಬೇಗ ಸವೆಯುತ್ತದೆ; ಅದಷ್ಟನ್ನೇ ಬದಲಿಸಬಹುದು, ದುಬಾರಿಯೂ ಅಲ್ಲ.

ಬೋರ್ಡಿನಲ್ಲಿ ಧಾರಾಳವಾಗಿ ಉಳಿಸಿ. ಎರಡೂ ತುದಿ ಒಂದೇ ತೆರನಾಗಿರುವ ಟ್ವಿನ್ ಟಿಪ್ ಬೋರ್ಡು, ನಿಮ್ಮ ತೂಕಕ್ಕೆ 140 ಸೆಂಟಿಮೀಟರಿನ ಆಸುಪಾಸು ಉದ್ದ, 42 ಸೆಂಟಿಮೀಟರಿನಷ್ಟು ಅಗಲ ಇರಲಿ. ತುಸು ದೊಡ್ಡದಾದರೂ ಅಡ್ಡಿಯಿಲ್ಲ. ದೊಡ್ಡ ಬೋರ್ಡು ಕಡಿಮೆ ಎಳೆತದಲ್ಲೇ ನೀರಿನ ಮೇಲೆ ಎದ್ದು ಜಾರತೊಡಗುತ್ತದೆ, ಗಾಳಿಗೆ ಎದುರಾಗಿ ಸಾಗಲೂ ನೆರವಾಗುತ್ತದೆ. ಗೀರು, ಬಣ್ಣ ಕಿತ್ತದ್ದು ಲೆಕ್ಕಕ್ಕಿಲ್ಲ. ತಿರುಪು ಕೂರುವ ಲೋಹದ ತೂತುಗಳ ಸುತ್ತ ಕೂದಲೆಳೆಯ ಬಿರುಕು ಇದೆಯೇ, ಹೆಬ್ಬೆರಳಿನಿಂದ ಒತ್ತಿದಾಗ ಎಲ್ಲಾದರೂ ಮೆತ್ತಗೆ ಕುಸಿಯುತ್ತದೆಯೇ ಎಂದಷ್ಟೇ ನೋಡಿ. ಕುಸಿದರೆ ಒಳಗಿನ ಮರಕ್ಕೆ ನೀರು ಸೇರಿದೆ ಎಂದರ್ಥ.

ಹಾರ್ನೆಸ್ ಅಳತೆಗೆ ಸರಿಯಾಗಿ ಕೂರಬೇಕು. ಹಳೆಯದೋ ಹೊಸದೋ ಎಂಬುದು ಆಮೇಲಿನ ಮಾತು. ಕಲಿಯುವಾಗ ಪಟ ಹೆಚ್ಚು ಹೊತ್ತು ತಲೆಯ ಮೇಲೇ ಇರುವುದರಿಂದ ಸೊಂಟಕ್ಕೆ ಕಟ್ಟುವ ಬಗೆಯದು ಪಕ್ಕೆಲುಬಿಗೆ ಏರಿ ಹಿಂಸೆಯಾಗಬಹುದು. ತೊಡೆಗೂ ಪಟ್ಟಿಯಿರುವ ಕುರ್ಚಿ ಬಗೆಯ ಹಾರ್ನೆಸ್ ಏರುವುದಿಲ್ಲ, ಮತ್ತು ಹೆಚ್ಚು ಜನ ಬಯಸದ ಕಾರಣ ಅಗ್ಗಕ್ಕೂ ಸಿಗುತ್ತದೆ. ಕೊಕ್ಕೆಯನ್ನು ಮೇಲೆ ಕಟ್ಟಿದ ಹಗ್ಗಕ್ಕೆ ಸಿಕ್ಕಿಸಿ ಐದು ನಿಮಿಷ ಜೋತುಬಿದ್ದು ನೋಡಿದರೆ ಎಲ್ಲವೂ ತಿಳಿಯುತ್ತದೆ. ತುಂಡಾದ ದಾರ ಕಾಲಿಗೆ ಸುತ್ತಿಕೊಂಡರೆ ಕತ್ತರಿಸಲು ಕೊಕ್ಕೆಯಾಕಾರದ ಪುಟ್ಟ ಚಾಕು ಅದರ ಮೇಲಿರಬೇಕು. ಇಲ್ಲದಿದ್ದರೆ ಕೊಂಡು ಸೇರಿಸಿ.

ಪ್ರಶ್ನೆ: ದಡದಲ್ಲೇ ಅಭ್ಯಾಸ ಮಾಡಲು ಸಣ್ಣ ಟ್ರೈನರ್ ಗಾಳಿಪಟ ಕೊಳ್ಳುವುದು ದುಡ್ಡು ದಂಡವೇ?

ಉತ್ತರ: ಪಾಠಕ್ಕೆ ಸೇರುವ ಮೊದಲು ಕೊಂಡರೆ ಖಂಡಿತ ದಂಡವಲ್ಲ. 2ರಿಂದ 3 ಚದರ ಮೀಟರಿನ, ಕೊಳವೆಯಿಲ್ಲದ, ಬರೀ ಬಟ್ಟೆಯ ಆ ಪಟದಿಂದ ಗಾಳಿಯ ಕಿಟಕಿ, ಅಂದರೆ ಪಟ ಹಾರಬಲ್ಲ ವಲಯ, ಎಂದರೇನು, ಪಟ ಎಲ್ಲಿದ್ದಾಗ ಎಳೆಯುತ್ತದೆ, ಎಲ್ಲಿದ್ದಾಗ ಸುಮ್ಮನಿರುತ್ತದೆ ಎಂಬುದು ಕೈಗೆ ಹತ್ತುತ್ತದೆ. ಹಾಗೆ ಕೈ ಪಳಗಿದವರಿಗೆ ಪಾಠದ ಗಂಟೆಗಳೂ ಉಳಿಯುವುದನ್ನು ಕಂಡಿದ್ದೇನೆ. ಎರಡು ದಾರದ್ದಕ್ಕಿಂತ, ಬಾರ್ ಕೈಬಿಟ್ಟ ಕೂಡಲೇ ಪಟ ಕೆಳಗಿಳಿಯುವ ಮೂರು ದಾರದ್ದು ಮೇಲು. ಆದರೆ ಪಾಠ ಮುಗಿದ ಮೇಲೆ ಕೊಳ್ಳಬೇಡಿ. ಆಗ ಅದರಿಂದ ಕಲಿಯುವುದು ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ಬೋರ್ಡ್ ಕಳೆದುಹೋಗದಂತೆ ಲೀಶಿನಿಂದ ಮೈಗೆ ಕಟ್ಟಿಕೊಳ್ಳಲು ಗೆಳೆಯರು ಹೇಳುತ್ತಾರೆ. ಹೆಲ್ಮೆಟ್ಟು, ತೇಲುವ ಜಾಕೆಟ್ಟು ಸೈಕಲ್ಲಿನದೋ ದೋಣಿಯದೋ ಆದರೆ ನಡೆಯುವುದಿಲ್ಲವೇ?

ಉತ್ತರ: ಬೋರ್ಡನ್ನು ಮೈಗೆ ಕಟ್ಟಿಕೊಳ್ಳಬೇಡಿ. ನೀವು ಬಿದ್ದಾಗ ಪಟ ನಿಮ್ಮನ್ನು ಮುಂದಕ್ಕೆ ಎಳೆಯುತ್ತಿರುತ್ತದೆ, ಬೋರ್ಡು ನೀರಿನಲ್ಲಿ ಕಚ್ಚಿ ಹಿಂದೆ ಉಳಿಯುತ್ತದೆ. ನಡುವಿನ ರಬ್ಬರ್ ಹಗ್ಗ ಹಿಗ್ಗಿ ಹಿಗ್ಗಿ, ಕೊನೆಗೆ ಬೋರ್ಡು ಫಿನ್ ಸಮೇತ ತಲೆಯತ್ತ ಚಿಮ್ಮುತ್ತದೆ. ಬೋರ್ಡು ಕೈಬಿಟ್ಟರೆ ಪಟದ ಎಳೆತದಿಂದಲೇ ಮೈಯನ್ನು ನೀರಿನಲ್ಲಿ ಓರೆಯಾಗಿ ಎಳೆಸಿಕೊಳ್ಳುತ್ತ ಗಾಳಿಗೆ ಎದುರಾಗಿ ಅದರತ್ತ ಹೋಗುವ ವಿದ್ಯೆಯನ್ನು ಪಾಠದಲ್ಲೇ ಕಲಿಸುತ್ತಾರೆ. ಅದು ಬರುವವರೆಗೆ ಬೋರ್ಡು ಹತ್ತುವ ಆತುರ ಬೇಡ.

ಸೈಕಲ್ ಹೆಲ್ಮೆಟ್ ನೀರಿಗೆ ತಕ್ಕುದಲ್ಲ. ಜಲಕ್ರೀಡೆಗೆಂದೇ ಮಾಡಿದ್ದನ್ನು ಕೊಳ್ಳಿ, ಹೊಸದನ್ನೇ ಕೊಳ್ಳಿ. ಹಳೆಯ ಹೆಲ್ಮೆಟ್ ಹಿಂದೆ ಎಷ್ಟು ಪೆಟ್ಟು ತಿಂದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ದೋಣಿಯಲ್ಲಿ ತೊಡುವ ದಪ್ಪ ಜಾಕೆಟ್ ಹಾರ್ನೆಸ್ಸಿನ ಕೊಕ್ಕೆಯ ಮೇಲೆ ಇಳಿದು ಕೂತು ರಿಲೀಸನ್ನು ಮುಚ್ಚಿಬಿಡುತ್ತದೆ. ಇದು ಸಣ್ಣ ತೊಡಕೆಂದು ತೋರಬಹುದು, ಆದರೆ ಗಾಬರಿಯಲ್ಲಿ ಕೈ ಹುಡುಕುವುದು ಅದೇ ಜಾಗವನ್ನು. ಸೊಂಟದ ಮೇಲಕ್ಕೇ ನಿಲ್ಲುವ, ಹಾರ್ನೆಸ್ ಜೊತೆ ತೊಡಲೆಂದೇ ಕತ್ತರಿಸಿ ಹೊಲಿದ ಜಾಕೆಟ್ ಬೇಕು. ಇಂಪ್ಯಾಕ್ಟ್ ವೆಸ್ಟ್ ಎಂದು ಮಾರುವ ಬಹಳಷ್ಟು ಜಾಕೆಟ್‌ಗಳು ಪೆಟ್ಟು ತಡೆಯುತ್ತವೆ, ತೇಲಿಸುವ ಹೊಣೆ ಹೊರುವುದಿಲ್ಲ. ಕಲಿಯುವವರು ಒಳಗಿನ ಚೀಟಿಯಲ್ಲಿ 50 ನ್ಯೂಟನ್ ಎಂದು ನಮೂದಿಸಿರುವುದನ್ನೇ ಆರಿಸಬೇಕು.

ಪ್ರಶ್ನೆ: 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಡ, ನೀರಿನಿಂದ ಮೇಲೆದ್ದು ಸಾಗುವ ಬೋರ್ಡ್ ಮತ್ತು ಉದ್ದ ರೆಕ್ಕೆಯ ಪಟದಲ್ಲೇ ನೇರವಾಗಿ ಕಲಿತರೆ ಎರಡೆರಡು ಸಲ ಕೊಳ್ಳುವುದು ತಪ್ಪುತ್ತದಲ್ಲವೇ?

ಉತ್ತರ: ತಪ್ಪುವುದಿಲ್ಲ. ಮಾರ್ಸೇಯಲ್ಲಿ ನಡೆದ ಆ ಸ್ಪರ್ಧೆ ಫಾರ್ಮುಲಾ ಕೈಟ್ ವರ್ಗದ್ದು. ಕೈಟ್ ಒಲಿಂಪಿಕ್ಸಿಗೆ ಕಾಲಿಟ್ಟದ್ದು ಅದೇ ಮೊದಲು. ಅಲ್ಲಿನ ಪಟಗಳಲ್ಲಿ ಗಾಳಿ ತುಂಬಿದ ಕೊಳವೆಯೇ ಇಲ್ಲ, ಪ್ಯಾರಾಗ್ಲೈಡರಿನಂತೆ ಬಟ್ಟೆಯ ಕೋಶಗಳಿಗೆ ಗಾಳಿ ತಾನಾಗಿ ನುಗ್ಗುತ್ತದೆ. ಅದು ನೀರಿಗೆ ಬಿದ್ದು ಕೋಶಗಳಲ್ಲಿ ನೀರು ಸೇರಿದರೆ ಮತ್ತೆ ಏಳುವುದು ಬಲು ಕಷ್ಟ. ಕಲಿಯುವವರ ಪಟವಂತೂ ದಿನಕ್ಕೆ ಹತ್ತಾರು ಸಲ ನೀರಿಗೆ ಬೀಳುವುದೇ. ಬೋರ್ಡನ್ನು ನೀರಿನಿಂದ ಮೇಲೆತ್ತುವ, ಅದರ ಅಡಿಯಲ್ಲಿರುವ ರೆಕ್ಕೆ, ಅಂದರೆ ಫಾಯಿಲಿನ ಅಂಚುಗಳೂ ಹರಿತ. ಪಟವನ್ನು ನೋಡದೆಯೇ ಹಾರಿಸಲು ಬರುವವರೆಗೆ ಟ್ವಿನ್ ಟಿಪ್ಪಿನಲ್ಲೇ ಇರಿ. ಆಮೇಲೆ ಫಾಯಿಲ್ ಕಲಿಯಲು ನಿಮ್ಮ ಅದೇ ಸಾಧಾರಣ ಕೊಳವೆಪಟವೇ ಸಾಕಾಗುತ್ತದೆ. ಹೊಸದಾಗಿ ಕೊಳ್ಳಬೇಕಾದ್ದು ಬೋರ್ಡ್ ಮತ್ತು ಫಾಯಿಲ್ ಮಾತ್ರ.